ಪೈಪಿನ ಕಂಪನಿ ಕೇಳ್ತೀರಿ, ಉಸುಕು ಎಲ್ಲಿಯದು ಅಂತ ಕೇಳೋದಿಲ್ಲ

ರಾಯಚೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇನೆ ಅಂತ ಒಮ್ಮೆ ಬಾಯಿಬಿಟ್ಟರೆ ಸಾಕು, ಮುಂದಿನ ಪ್ರಶ್ನೆ ಗ್ಯಾರಂಟಿ: ‘ಪೈಪು ಯಾವ ಕಂಪನಿದು?’ ಚಹಾದಂಗಡಿಯಲ್ಲೂ ಇದೇ, ಮದುವೆ ಊಟದ ಪಂಕ್ತಿಯಲ್ಲೂ ಇದೇ. ಎಲ್ಲರಿಗೂ ಒಂದೊಂದು ಕಂಪನಿ ಮೇಲೆ ಪ್ರೀತಿ. ಆದರೆ ಉಸುಕು ಎಲ್ಲಿಂದ ತರಿಸಿದಿರಿ, ಜಾಯಿಂಟಿಗೆ ಏನು ಹಚ್ಚಿಸಿದಿರಿ ಅಂತ ಒಬ್ಬರೂ ಕೇಳಲಿಲ್ಲ.

ಹಳೆ ಮನೆ ಕೆಡವುವಾಗ ಬಚ್ಚಲ ಗೋಡೆಯಿಂದ ಅಪ್ಪ ಹಾಕಿಸಿದ್ದ ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪು, ಹೊರಬಂತು. ಹ್ಯಾಕ್ಸಾದಿಂದ ಒಂದು ತುಂಡು ಕೊಯ್ದು ನೋಡಿದೆ. ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲ್ ತೂರುವಷ್ಟು ತೂತು ಉಳಿದಿತ್ತು. ಸುತ್ತ ಬಿಳಿ ಸುಣ್ಣದಂಥ ಗಟ್ಟಿ, ನಡುನಡುವೆ ತುಕ್ಕಿನ ಕೆಂಪು. ಆ ಕಡೆ ಕೃಷ್ಣಾ, ಈ ಕಡೆ ತುಂಗಭದ್ರಾ, ಆದರೂ ನಮ್ಮ ಮನೆ ನಡೆದದ್ದು ಬೋರಿನ ಗಡಸು ನೀರಿನ ಮೇಲೆ. ‘ನಳ ಸಣ್ಣ ಬರಾಕತ್ತದ’ ಅಂತ ಅವ್ವ ವರ್ಷಗಟ್ಟಲೆ ಹೇಳಿದಳು. ನಾವು ಮಾಳಿಗೆ ಮೇಲಿನ ಟ್ಯಾಂಕ್ ಎತ್ತರ ಮಾಡಿಸಿ ಸುಮ್ಮನಾದೆವು!

ಒಳಗಿನ ಕಥೆ ಅದು. ನನ್ನ ತಲೆ ಕೆಡಿಸಿದ್ದು ಹೊರಮೈ. ಗಿಲಾವು (ಗೋಡೆಯ ಪ್ಲಾಸ್ಟರ್) ಗಟ್ಟಿಯಾಗಿ ಕಚ್ಚಿಕೊಂಡಿದ್ದ ಕಡೆ ಪೈಪು ಇನ್ನೂ ಬೂದುಬಣ್ಣದಲ್ಲೇ ಇತ್ತು. ಗಿಲಾವು ಪೊಳ್ಳಾಗಿ, ಉಗುರಿನಿಂದ ಕೆರೆದರೂ ಉದುರುತ್ತಿದ್ದ ಕಡೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಅದೇ ಪೈಪು, ಅದೇ ಗೋಡೆ. ಮಣ್ಣು, ಉಪ್ಪು ಸೇರಿದ ಉಸುಕಿನ ಗಿಲಾವು ತೇವ ಬಿಟ್ಟುಕೊಡುವುದಿಲ್ಲ. ತೇವದ ಜೊತೆ ಉಪ್ಪೂ ಇದ್ದರೆ ಕಬ್ಬಿಣ ಎಷ್ಟು ದಿನ ತಾಳುತ್ತೆ?

ಹಾಗಾಗಿ ಈ ಸಲ ಉಸುಕು ಬಂದ ದಿನವೇ ಗಾಜಿನ ಬಾಟಲಿಯಲ್ಲಿ ಅರ್ಧ ಉಸುಕು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಅಲುಗಾಡಿಸಿ ಇಟ್ಟೆ. ಮೂರು ಗಂಟೆ ಬಿಟ್ಟರೆ ಉಸುಕಿನ ಮೇಲೆ ಮಣ್ಣಿನ ಪದರ ಬೇರೆಯಾಗಿ ಕೂರುತ್ತದೆ. ಅದು ಶೇ. 8ಕ್ಕಿಂತ ಜಾಸ್ತಿ ಇದ್ದರೆ ಆ ಉಸುಕು ಬೇಡ. ಮೊದಲ ಲೋಡು ವಾಪಸ್ ಕಳಿಸಿದೆ. ಟ್ರ್ಯಾಕ್ಟರಿನವನು ನನ್ನನ್ನೂ ಬಾಟಲಿಯನ್ನೂ ನೋಡಿದ. ಬಾಟಲಿಯಲ್ಲಿ ಬೇರೇನೋ ಇತ್ತು ಅಂದುಕೊಂಡಿರಬೇಕು.

ಇನ್ನೊಂದು ರೋಗ, ಬೆಳಿಗ್ಗೆ ಕಲಸಿದ ಸಿಮೆಂಟು-ಉಸುಕಿನ ಮಾಲಿಗೆ ಊಟ ಆದಮೇಲೆ ನೀರು ಚಿಮುಕಿಸಿ ಮತ್ತೆ ಬಳಿಯುವುದು. ಸಿಮೆಂಟು ಅಷ್ಟೊತ್ತಿಗೆ ಅರ್ಧ ಬಿಗಿದಿರುತ್ತದೆ. ಗೌಂಡಿ ಜೊತೆ ಜಗಳ ಆಡದೆ, ಸ್ವಲ್ಪ ಸ್ವಲ್ಪವೇ ಕಲಸಿಸಿದೆ. ಸಿಮೆಂಟು ಒಂದಕ್ಕೆ ನಾಲ್ಕು ಉಸುಕು. ಪೈಪಿಗಾಗಿ ಗೋಡೆಯಲ್ಲಿ ಕೊರೆದ ಕಾಲುವೆ ಮೇಲೆ ಕೋಳಿ ಜಾಲರಿ. ಇಲ್ಲಿನ ಮೇ ತಿಂಗಳ ಬಿಸಿಲಿಗೆ ಬೆಳಿಗ್ಗೆ ಹೊಡೆದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿದೆ, ನೀರು ಹೊಡೆಯೋ ಕೆಲಸ ನನ್ನದೇ.

ಪೈಪಿನ ವಿಷಯಕ್ಕೂ ಬರುತ್ತೇನೆ. ಬೋರ್ ನೀರಿದ್ದರೆ ಗೋಡೆಯೊಳಗೆ ಜಿಐ ನಾನಂತೂ ಹಾಕಿಸುವುದಿಲ್ಲ. ತಣ್ಣೀರಿಗೆ ಯುಪಿವಿಸಿ ಅನ್ನೋ ಪ್ಲಾಸ್ಟಿಕ್ ಪೈಪು ಸಾಕು. ಸೋಲಾರಿನಿಂದ ಇಳಿಯುವ ಲೈನಿಗೆ ಮಾತ್ರ ಸಿಪಿವಿಸಿ, ಅಂದರೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪು, ಬೇಕೇ ಬೇಕು. ಅದು 93 ಡಿಗ್ರಿವರೆಗೆ ತಡೆಯುತ್ತದೆ, ಯುಪಿವಿಸಿ 45 ದಾಟಿದರೆ ಮೆತ್ತಗಾಗುತ್ತಾ ಹೋಗುತ್ತದೆ. ಬಿಸಿಲಿಗೆ ಬಿಟ್ಟರೆ ಎರಡೂ ಹಪ್ಪಳ. ಪಕ್ಕದ ಮನೆ ಮಾಳಿಗೆ ಮೇಲಿನ ಪೈಪನ್ನು ಪ್ಲಂಬರ್ ಇಕ್ಕಳದಲ್ಲಿ ಹಿಡಿದಿದ್ದೇ ತಡ, ಚಟ್ ಅಂತ ಚೂರಾಯಿತು. ನೀರಿನಲ್ಲಿ ಕಲಸುವ ಬಿಳಿ ಬಣ್ಣ ಹೊಡೆಸಿದರೆ ಬಹಳ ವರ್ಷ ಬರುತ್ತದೆ. ಆಯಿಲ್ ಪೇಂಟ್ ಬೇಡ.

ಈ ಪೈಪಿನ ಜಾಯಿಂಟಿಗೆ ಹಚ್ಚುವ ಗಮ್ ಅಂಟಿನ ತರ ಕೆಲಸ ಮಾಡುವುದಿಲ್ಲ. ಎರಡೂ ಮೈ ಕರಗಿಸಿ ಒಂದು ಮಾಡುತ್ತದೆ. ಅದಕ್ಕೇ ಸಿಪಿವಿಸಿಗೆ ಅದರದ್ದೇ ಡಬ್ಬಿ ಬೇಕು, ಹಚ್ಚಿದ ಮೇಲೆ ಕಾಲು ಸುತ್ತು ತಿರುಗಿಸಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕು. ಗಿಲಾವಿಗೆ ಮೊದಲು ಪಂಪು ಹಚ್ಚಿ ರಾತ್ರಿಯಿಡೀ ಪ್ರೆಷರ್ ನಿಲ್ಲಿಸಿದೆವು. ಬೆಳಿಗ್ಗೆ ಪ್ರೆಷರ್ ಮೀಟರಿನ ಮುಳ್ಳು ಇಳಿದಿತ್ತು. ನಾಲ್ಕನೇ ಎಲ್ಬೋದಲ್ಲಿ (ಪೈಪು ತಿರುಗುವ ಮೂಲೆಯ ತುಂಡು) ಗಮ್ ಹಚ್ಚಿರಲೇ ಇಲ್ಲ!

ಆಮೇಲೆ ಗ್ಯಾಸ್. ಸಿಲಿಂಡರ್ ಹೊರಗಿಟ್ಟು ಒಲೆಗೆ ಲೈನ್ ಎಳೆಯಬೇಕಿತ್ತು. ಪ್ಲಂಬರ್ ಉಳಿದ ಎರಡು ಸಿಪಿವಿಸಿ ತುಂಡು ತೋರಿಸಿ ಅಂದ: ‘ನೀರೇ ನಿಲ್ತದ, ಗ್ಯಾಸ್ ನಿಲ್ಲಂಗಿಲ್ಲೇನ್ರಿ ಸರ್?’ ಹುಡುಗ ಒಳ್ಳೆಯವನು, ಕೆಲಸವೂ ಚೊಕ್ಕ. ಅದಕ್ಕೇ ಭಯ ಆಯಿತು, ಯಾಕಂದರೆ ಅವನು ಎಷ್ಟು ಮನೆಯಲ್ಲಿ ಹೀಗೆ ಮಾಡಿರಬಹುದು! ನೀರು ಸೋರಿದರೆ ಗೋಡೆ ತೋರಿಸಿಕೊಡುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸದ್ದಿಲ್ಲದೆ ನೆಲದ ಮೇಲೆ ಹರಡಿ ಕೂರುತ್ತದೆ. ಸಿಪಿವಿಸಿ ನೀರಿಗೆ ಮಾಡಿದ್ದು. ಗ್ಯಾಸಿಗೆ ತಾಮ್ರ, ಇಲ್ಲವೇ ದಪ್ಪ ಜಿಐ. ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಕರೆಸಿ ತಾಮ್ರದ ಲೈನ್ ಹಾಕಿಸಿದೆ. ಗೋಡೆ ದಾಟುವ ಕಡೆ ದೊಡ್ಡ ಪೈಪಿನೊಳಗೆ ತೂರಿಸಿದ, ಸಿಮೆಂಟು ಮುಟ್ಟದ ಹಾಗೆ. ಉಳಿದದ್ದು ಗೋಡೆ ಮೇಲೆಯೇ, ಕಣ್ಣಿಗೆ ಕಾಣುವ ಹಾಗೆ. ಚೆಂದ ಕಾಣಲ್ಲ ಅಂತ ಮನೆಯವಳ ತಕರಾರು ಇನ್ನೂ ಇದೆ. ಸೋಪಿನ ನೀರು ಹಚ್ಚಿ ಜಾಯಿಂಟ್ ನೋಡೋದು ನನ್ನ ಭಾನುವಾರದ ಕೆಲಸ. ಒಲೆಯ ರಬ್ಬರ್ ಪೈಪಿನ ಮೇಲೆ ತಾರೀಕು ಬರೆದಿಟ್ಟಿದ್ದೇನೆ, ಐದು ವರ್ಷಕ್ಕೆ ಬದಲಾಯಿಸಬೇಕಲ್ವಾ.

ಆ ಎರಡು ಸಿಪಿವಿಸಿ ತುಂಡು ಹಿತ್ತಲಲ್ಲಿವೆ. ಅವ್ವ ಅವುಗಳ ಮೇಲೆ ಹೀರೇಬಳ್ಳಿ ಹಬ್ಬಿಸಿದ್ದಾಳೆ.