ಮಕ್ಕಳ ಕಾಲಿಗೆ ತಕ್ಕ ಗುಡ್ಡ

ಮೊನ್ನೆ ಮಗಳ ಕ್ಲಾಸಿನ ಅಮ್ಮಂದಿರ ವಾಟ್ಸ್ಯಾಪ್ ಗ್ರೂಪಿನಲ್ಲಿ ಒಬ್ಬರು ಕೇಳಿದರು. "ದೀಪಾವಳಿ ರಜೆಗೆ ಮಕ್ಕಳನ್ನ ಕರ್ಕೊಂಡು ಕುದುರೆಮುಖ ಟ್ರೆಕ್ ಮಾಡೋಣ, ಯಾರ್ಯಾರು ಬರ್ತೀರಾ?" ಹತ್ತು ನಿಮಿಷದಲ್ಲಿ ಏಳು ಮನೆಯವರು ಹೂಂ ಅಂದರು. ನಾನು ಬೇಡ ಅಂದೆ. ಯಾಕೆ ಬೇಡ ಅಂತ ಟೈಪ್ ಮಾಡುತ್ತಾ ಹೋದರೆ ಮೆಸೇಜ್ ಮುಗಿಯಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕುದುರೆಮುಖ ಚೆನ್ನಾಗಿಲ್ಲ ಅಂತಲ್ಲ. ಮದುವೆಗೆ ಮುಂಚೆ ನಾನೂ ಹತ್ತಿದ್ದೇನೆ. ಆ ಶೋಲಾ ಕಾಡು, ಅಲೆ ಅಲೆಯಾಗಿ ಹೋಗುವ ಹುಲ್ಲಿನ ಗುಡ್ಡಗಳು ಇವತ್ತಿಗೂ ಕಣ್ಣಲ್ಲೇ ಇವೆ. ಆದರೆ ಬುಡದಲ್ಲಿರುವ ಮುಳ್ಳೋಡಿ ಎಂಬ ಊರಿನಿಂದ ಹತ್ತಿ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ 20 ಕಿಲೋಮೀಟರ್ ಆಗುತ್ತದೆ. ದೊಡ್ಡವರಿಗೇ ಅದು ಇಡೀ ದಿನದ ಕೆಲಸ. ಎಂಟು ವರ್ಷದ ಮಗು ಅರ್ಧ ದಾರಿಯಲ್ಲಿ ಕೂತುಬಿಟ್ಟರೆ? ಅಲ್ಲಿಗೆ ಯಾವ ಗಾಡಿಯೂ ಬರುವುದಿಲ್ಲ. ಎತ್ತಿಕೊಂಡೇ ಇಳಿಯಬೇಕು.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಮಗಳಿಗೆ ಐದು ವರ್ಷ ಇದ್ದಾಗ ಸರ್ಪದಾರಿ ಎಂಬ ಕಾಲುದಾರಿಯಿಂದ ಮುಳ್ಳಯ್ಯನಗಿರಿ ಹತ್ತಲು ಹೊರಟೆವು. ಏರ್ಪಾಡು ಮಾಡಿದವರು "ಈಸಿ ಟ್ರೆಕ್ ಮೇಡಂ, ಮಕ್ಕಳೂ ಆರಾಮಾಗಿ ಹತ್ತುತ್ತಾರೆ" ಅಂದಿದ್ದರು. ದೂರ ಜಾಸ್ತಿ ಇಲ್ಲ, ನಿಜ. ಆದರೆ ಒಂದೇ ಸಮನೆ ಏರು, ಬರೀ ಹುಲ್ಲುಗಾವಲು, ನೆರಳಿಗೆ ಒಂದು ಮರ ಇಲ್ಲ. ಒಂದು ಗಂಟೆ ಆದ ಮೇಲೆ ಮಗಳು ಬಂಡೆ ಮೇಲೆ ಕೂತು ಶೂ ಬಿಚ್ಚಿದಳು. ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತು. ಅದನ್ನು ನೀರು ಹಾಕಿ ಬಿಡಿಸುವಾಗ ಅವಳು ಅತ್ತ ಅಳು ನನಗಿನ್ನೂ ಮರೆತಿಲ್ಲ. ಅಷ್ಟರಲ್ಲಿ ಮಂಜು ಮುಚ್ಚಿತು. ನನ್ನ ಗಂಡ ಅವಳನ್ನು ಬೆನ್ನ ಮೇಲೆ ಹೊತ್ತು ಮೇಲೆ ತಲುಪಿದರು. 1,930 ಮೀಟರ್ ಎತ್ತರದ, ನಮ್ಮ ರಾಜ್ಯದಲ್ಲೇ ಅತಿ ಎತ್ತರದ ಶಿಖರ. ಅವಳು ಅಲ್ಲಿ ಕಣ್ಣು ಬಿಟ್ಟು ಏನನ್ನೂ ನೋಡಲಿಲ್ಲ. ಆಮೇಲೆ ಎರಡು ವರ್ಷ ಮನೆಯಲ್ಲಿ ಬೆಟ್ಟದ ಹೆಸರು ಎತ್ತುವ ಹಾಗೇ ಇರಲಿಲ್ಲ.

ಆ ಎರಡು ವರ್ಷ ನನ್ನನ್ನು ತುಂಬಾ ಕಾಡಿವೆ. ತೀರ್ಥಹಳ್ಳಿ ಕಡೆಯವಳು ನಾನು, ಗುಡ್ಡ ಹತ್ತಿಯೇ ಬೆಳೆದವಳು. ನನ್ನ ಮಗಳಿಗೆ ಗುಡ್ಡ ಅಂದರೆ ಭಯ ಆಗುವ ಹಾಗೆ ಮಾಡಿದ್ದು ನಾವೇ ಅಲ್ವಾ? ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ಲೆಕ್ಕ. ಯಾರು ಎಲ್ಲರಿಗಿಂತ ನಿಧಾನ ನಡೆಯುತ್ತಾರೋ ಅವರ ಕಾಲು ನೋಡಿ ಗುಡ್ಡ ಆರಿಸುವುದು. ರೀಲ್ಸ್ ನೋಡಿ ಅಲ್ಲ.

ಹೊತ್ತಿನ ಲೆಕ್ಕಕ್ಕೆ ಒಂದು ಹಳೇ ಸೂತ್ರ ಇದೆ. ಸ್ಕಾಟ್ಲೆಂಡಿನ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಐದು ಕಿಲೋಮೀಟರ್‌ಗೆ ಒಂದು ಗಂಟೆ, ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿಮುಟ್ಟಾದ ದೊಡ್ಡವರ ಲೆಕ್ಕ. ಮಕ್ಕಳಿದ್ದರೆ ನಾನು ಅದನ್ನು ಎರಡರಷ್ಟು ಮಾಡುತ್ತೇನೆ. ಹೋಗಿಬರಲು ಆರು ಕಿಲೋಮೀಟರ್, 300 ಮೀಟರ್ ಏರು ಅಂದುಕೊಳ್ಳಿ. ಸೂತ್ರದ ಪ್ರಕಾರ ಒಂದು ಮುಕ್ಕಾಲು ಗಂಟೆ. ಮಕ್ಕಳಿಗೆ ಮೂರೂವರೆ. ಊಟಕ್ಕೆ, ಕಲ್ಲು ಹೆಕ್ಕುವುದಕ್ಕೆ, ಸುಮ್ನೆ ಕೂರುವುದಕ್ಕೆ ಇನ್ನೊಂದು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮಧ್ಯಾಹ್ನ ಒಂದೂವರೆಗೆ ಕೆಳಗೆ. ಲೆಕ್ಕ ತಪ್ಪಿ ತಡವಾದರೆ, ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೇವೋ ಅಲ್ಲಿಂದಲೇ ವಾಪಸ್ ತಿರುಗುತ್ತೇವೆ. ತುದಿ ಕಣ್ಣಿಗೆ ಕಾಣುತ್ತಿದ್ದರೂ ಅಷ್ಟೆ. ನವೆಂಬರಿನಲ್ಲಿ ಮಲೆನಾಡಿನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲು.

ಹಾಗಾದರೆ ಎಲ್ಲಿಗೆ ಹೋಗಬೇಕು? ನನ್ನನ್ನು ಕೇಳಿದರೆ ಕವಲೇದುರ್ಗ.

ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಕೆಳದಿ ಅರಸರ ಕೋಟೆ. ಗದ್ದೆ ಬದಿಯಲ್ಲಿ ನಡಿಗೆ ಶುರು, ಆಮೇಲೆ ಕಲ್ಲು ಹಾಸಿದ ದಾರಿ, ಎರಡೂ ಕಡೆ ಮರ. ಇದನ್ನು ಮಕ್ಕಳ ಗುಡ್ಡ ಅಂತ ನಾನು ಕರೆಯುವುದಕ್ಕೆ ಕಾರಣ ಅಲ್ಲಿನ ಹೆಬ್ಬಾಗಿಲುಗಳು. ಒಂದು ದಾಟಿದರೆ ಸ್ವಲ್ಪ ಮೇಲೆ ಇನ್ನೊಂದು. "ಇನ್ನೂ ಎಷ್ಟು ದೂರ?" ಅಂತ ಮಗು ಕೇಳಿದರೆ "ಮುಂದಿನ ಬಾಗಿಲ ತನಕ" ಅಂದರೆ ಸಾಕು. ಮಗುವಿಗೆ ಎರಡು ಕಿಲೋಮೀಟರ್ ಅಂದರೆ ಏನೂ ಅಲ್ಲ, ಆದರೆ ಬಾಗಿಲು ಅಂದರೆ ಗೊತ್ತಾಗುತ್ತದೆ. ಬಾಗಿಲ ಪಕ್ಕದ ಜಗಲಿ ತಂಪಾಗಿರುತ್ತದೆ. ಅಲ್ಲಿ ಕೂತು ನೀರು ಕುಡಿದು, ಬೆಲ್ಲ ಕಡಲೆ ತಿಂದು, ಕೆಳದಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಕಥೆ ಹೇಳಿದೆ. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತಿತ್ತು ಅಂದಾಗ ಮಗಳು ಎದ್ದು ಬಾಗಿಲಾಚೆ ಇಣುಕಿ ನೋಡಿ ಬಂದಳು.

ಕಳೆದ ನವೆಂಬರಿನಲ್ಲಿ ನನ್ನ ಅಮ್ಮನೂ ಬಂದಿದ್ದರು, 66 ವರ್ಷ. ಮೇಲೆ ಅರಮನೆಯ ಅಡಿಪಾಯ ಇದೆ. ಅಡುಗೆಮನೆ ಇದ್ದ ಜಾಗದಲ್ಲಿ ಐದು ಬಾಯಿಯ ಕಲ್ಲಿನ ಒಲೆ. ಅಮ್ಮ ಅದರ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಅವರ ತವರಿನಲ್ಲಿ ಇದ್ದದ್ದು ಕೋಡೊಲೆ. "ಬೆಂಕಿ ಇಲ್ಲಿ. ಇದರ ಮೇಲೆ ಅನ್ನ. ಈ ಕಡೆ ಸಾರು. ಹಿಂದಿನ ಬಾಯಿಗೆ ಕಾವು ಮಾತ್ರ ಹೋಗುತ್ತೆ, ಅಲ್ಲಿ ಹಾಲು ಇಡೋದು, ಉಕ್ಕಲ್ಲ" ಅಂತ ಬೆರಳು ಇಟ್ಟು ತೋರಿಸಿದರು. ಮಗಳು ಐದು ಎಲೆ ತಂದು ಐದು ಬಾಯಿಗೂ ಇಟ್ಟಳು. ಮುಕ್ಕಾಲು ಗಂಟೆ ಅಲ್ಲೇ ಅಡುಗೆ ಆಟ ನಡೆಯಿತು. ತೀರಾ ಮೇಲಿನ ಬಂಡೆ ಮೇಲಿರುವ ಪುಟ್ಟ ಗುಡಿಗೆ ನಾವು ಹೋಗಲೇ ಇಲ್ಲ. ಯಾರಿಗೂ ಅದರ ನೆನಪೂ ಆಗಲಿಲ್ಲ.

ಒಂದು ಎಚ್ಚರ. ಅಲ್ಲಿನ ಕೊಳಗಳ ಬಳಿ ಮಕ್ಕಳ ಕೈ ಬಿಡಬೇಡಿ. ಮಳೆಗಾಲದಲ್ಲಿ ಆ ಕಲ್ಲು ಪಾಚಿಗಟ್ಟಿ ಜಾರುತ್ತದೆ, ಹೋಗಲೇಬೇಡಿ.

ಏರು ಆಗದವರು ಇದ್ದರೆ ಆಗುಂಬೆ ಹತ್ತಿರದ ಕುಂದಾದ್ರಿ ಇದೆ. ಕಾರು ಮೇಲಿನ ತನಕ ಹೋಗುತ್ತದೆ. ಪಾರ್ಶ್ವನಾಥ ಬಸದಿ, ಪಕ್ಕದಲ್ಲೇ ಬಂಡೆಯ ನಡುವೆ ಕೊಳ. ಹಿರಿಯರನ್ನು ಕಾರಿನಲ್ಲಿ ಮೇಲೆ ಬಿಟ್ಟು, ಮಕ್ಕಳ ಜೊತೆ ಕೊನೆಯ ಒಂದೆರಡು ಕಿಲೋಮೀಟರ್ ರಸ್ತೆಯಲ್ಲೇ ನಡೆಯಬಹುದು. ಕೊಡಚಾದ್ರಿಯಾದರೆ ಜೀಪಿನಲ್ಲಿ ಹೋಗಿ ಸರ್ವಜ್ಞ ಪೀಠದ ತನಕ ಮಾತ್ರ ನಡೆಯಿರಿ. ಎಂಟು ವರ್ಷ ದಾಟಿದ ಮಕ್ಕಳಿಗೆ ಅದು ಧಾರಾಳ ಸಾಕು.

ಈಗ ಯಾರೂ ಹೇಳದ ಒಂದು ವಿಷಯ. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಎಲ್ಲರೂ ಹೆದರುತ್ತಾರೆ. ಉಂಬಳ ರಕ್ತ ಕುಡಿದು ಉದುರಿಹೋಗುತ್ತದೆ, ಸ್ವಲ್ಪ ಉಪ್ಪು ಇದ್ದರೆ ಬಿಡುತ್ತದೆ. ನಾವು ಹೆದರಬೇಕಾದದ್ದು ಉಣ್ಣಿಗೆ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಈ ಉಣ್ಣಿ. ಡಿಸೆಂಬರಿನಿಂದ ಮೇ ತನಕ ಅದರ ಕಾಟ ಜಾಸ್ತಿ. ಎಲ್ಲರೂ ಕ್ರಿಸ್‌ಮಸ್ ರಜೆಯಲ್ಲಿ ಮಲೆನಾಡಿಗೆ ಬರುತ್ತಾರೆ, ನಾನು ಮಾತ್ರ ನವೆಂಬರ್ ಅನ್ನುವುದು ಇದಕ್ಕೇ. ಯಾವ ತಿಂಗಳಾದರೂ ಊರಿನ ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರವನ್ನೋ ಒಂದು ಮಾತು ಕೇಳಿ. ಮಂಗ ಸತ್ತ ಸುದ್ದಿ ಇದ್ದ ಕಡೆ ಕಾಲಿಡಬೇಡಿ. ತುಂಬು ತೋಳಿನ ಅಂಗಿ ಹಾಕಿಸಿ. ಒಣ ತರಗೆಲೆ ಮೇಲೆ ಮಕ್ಕಳನ್ನು ಕೂರಿಸಬೇಡಿ. ರೂಮಿಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಕಿವಿ ಹಿಂದೆ, ಮಂಡಿ ಹಿಂದೆ, ಕಂಕುಳಲ್ಲಿ ನೋಡಿ. ವಾಪಸ್ ಬಂದು ವಾರ ಹತ್ತು ದಿನದೊಳಗೆ ಜ್ವರ ಬಂದರೆ, ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲು ಮರೆಯಬೇಡಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.

ಇನ್ನು ಮಕ್ಕಳ ಬ್ಯಾಗು. ಅವರ ನೀರು ಅವರೇ ಹೊರಲಿ, ಅದರಲ್ಲಿ ಅವರಿಗೆ ಒಂದು ಹೆಮ್ಮೆ ಇರುತ್ತದೆ. ಕುತ್ತಿಗೆಗೆ ಒಂದು ಸೀಟಿ ಕಟ್ಟಿ. ದಾರಿ ತಪ್ಪಿದರೆ ಓಡಬಾರದು, ಹತ್ತಿರದ ಮರ ಹಿಡಿದು ನಿಂತು ಮೂರು ಸಲ ಸೀಟಿ ಊದಬೇಕು. ಇದನ್ನು ನಾವು ಮನೆ ಹತ್ತಿರದ ಪಾರ್ಕಿನಲ್ಲೇ ಆಟದ ಹಾಗೆ ಕಲಿಸಿದೆವು. ಹೊಸ ಶೂ ಹಾಕಿಸಿ ಕರೆದುಕೊಂಡು ಹೋಗಬೇಡಿ, ಎರಡು ವಾರ ಸ್ಕೂಲ್ ಮೈದಾನದಲ್ಲಿ ಓಡಾಡಿ ಪಳಗಿರಲಿ. ನಡೆಯುವಾಗ ಚಿಕ್ಕವರು ಮುಂದೆ. ದೊಡ್ಡವರು ಮುಂದೆ ಹೋದರೆ ಮಗು ಅವರನ್ನು ಹಿಡಿಯುವುದಕ್ಕೇ ಸುಸ್ತಾಗುತ್ತದೆ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಜಾತ್ರೆಯಂತೆ ಸೇರಿದ್ದ ವಿಡಿಯೋ ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಟ್ರೆಕ್‌ಗಳಿಗೆ ಆನ್‌ಲೈನ್ ಬುಕಿಂಗ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಟಿಕೆಟ್ ಸಿಗಲ್ಲ ಅಂತ ಬೈಯುವವರಿದ್ದಾರೆ. ನನಗೆ ಮಾತ್ರ ಅದು ಸರಿ ಅನಿಸುತ್ತದೆ. ಕಡಿದಾದ ದಾರಿಯಲ್ಲಿ ಹಿಂದಿನಿಂದ ನೂಕುವ ಗುಂಪಿನ ನಡುವೆ ಮಗುವನ್ನು ನಡೆಸುವುದು ಅಪಾಯ.

ಗ್ರೂಪಿನಲ್ಲಿ ಇಷ್ಟನ್ನೂ ಚಿಕ್ಕದಾಗಿ ಹೇಳಿದ ಮೇಲೆ ಮೂರು ಮನೆಯವರು ಕುದುರೆಮುಖ ಬಿಟ್ಟು ಕವಲೇದುರ್ಗಕ್ಕೆ ಒಪ್ಪಿದ್ದಾರೆ. ನವೆಂಬರ್ ಮಧ್ಯದಲ್ಲಿ ಹೋಗುತ್ತೇವೆ. ಈ ಸಲ ನಮ್ಮ ಅತ್ತೆಯೂ ಹೊರಟಿದ್ದಾರೆ. ಅವರಿಗೆ ಮಂಡಿ ನೋವು, ಮೆಟ್ಟಿಲು ಇಳಿಯುವುದು ಕಷ್ಟ. ಅಮ್ಮನ ಒಲೆಯ ಕಥೆ ಕೇಳಿದ ಮೇಲೆ "ಮೊದಲನೇ ಬಾಗಿಲ ತನಕ ನಾನೂ ಬರ್ತೀನಿ" ಅಂದರು. ಹಾಗಾಗಿ ನಾವು ಬುತ್ತಿ ಬಿಚ್ಚುವುದು ಮೊದಲನೇ ಬಾಗಿಲಿನಲ್ಲೇ.