ತೊಲ್ವ ಉಳಿದದ್ದು ಕಥೆಯ ಬಲದಿಂದಲ್ಲ

ಐಸ್‌ಲ್ಯಾಂಡಿನವರು ಕಂಪ್ಯೂಟರನ್ನು ‘ತೊಲ್ವ’ ಎನ್ನುತ್ತಾರೆ, ಹಾಗೆಂದರೆ ‘ಅಂಕಿಗಳ ಕಣಿ ಹೇಳುವವಳು’ ಎಂದು ನಕ್ಕು ಮುಗಿಸಿದ ವಿಡಿಯೊ ಒಂದನ್ನು ಈಗಷ್ಟೇ ನೋಡಿದೆ. ಮೈ ಉರಿಯಿತು. ಪದಗಳ ವಿಷಯ ಬಂದರೆ ನಾನು ಸುಮ್ಮನಿರುವವಳಲ್ಲ ಎಂಬುದು ನಿಮಗೆ ಗೊತ್ತೇ ಇದೆ.

ಅರ್ಥವೇನೋ ಸರಿಯೇ. ‘ತಾಲ’ ಎಂದರೆ ಸಂಖ್ಯೆ. ‘ವೊಲ್ವ’ ಎಂದರೆ ಕಣಿ ಹೇಳುವವಳು. ಅದರ ಬೇರು ಕೋಲು ಎಂಬ ಅರ್ಥದ ಪದದಲ್ಲಿದೆ, ಅಂದರೆ ಕೋಲು ಹಿಡಿದವಳು. ಹಳೆಯ ಕಾವ್ಯದಲ್ಲಿ ಓಡಿನ್ ದೇವನೇ ಭವಿಷ್ಯ ಕೇಳಲು ಇಂಥವಳೊಬ್ಬಳ ಸಮಾಧಿಯ ಬಳಿ ಹೋಗಿ ಅವಳನ್ನು ಎಬ್ಬಿಸುತ್ತಾನೆ. 1960ರ ದಶಕದ ಮಧ್ಯದಲ್ಲಿ ಐಸ್‌ಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ಬಂದ ಹೊಸತರಲ್ಲಿ ವಿದ್ವಾಂಸ ಸಿಗುರ್ದುರ್ ನೊರ್ದಾಲ್ ಈ ಎರಡು ಪದಗಳನ್ನು ಬೆಸೆದರು.

ಆದರೆ ಪದ ಉಳಿದದ್ದು ಈ ಕಥೆಯಿಂದಲ್ಲ ಸ್ವಾಮಿ! ಅಂಗಡಿಯಲ್ಲಿ ಕಂಪ್ಯೂಟರ್ ಕೊಳ್ಳುವವರು ಯಾರೂ ಓಡಿನ್‌ನನ್ನು ನೆನೆಯುವುದಿಲ್ಲ. ಎರಡೇ ಅಕ್ಷರದ ಪದ, ವಿಭಕ್ತಿ ಹಚ್ಚಿದರೆ ‘ತೊಲ್ವು’, ಬಹುವಚನದಲ್ಲಿ ‘ತೊಲ್ವುರ್’. ಸಾವಿರ ವರ್ಷದ ಪದಗಳು ನಡೆಯುವ ದಾರಿಯಲ್ಲೇ ಇದೂ ನಡೆಯುತ್ತದೆ. ಇಮೇಲ್ ‘ತೊಲ್ವುಪೋಸ್ತುರ್’ ಆಯಿತು, ಲ್ಯಾಪ್‌ಟಾಪ್ ‘ಫಾರ್‌ತೊಲ್ವ’ ಆಯಿತು.

ಸುಮಾರು 4 ಲಕ್ಷ ಜನರ ದ್ವೀಪ, ಅಲ್ಲಿ ಇದೆಲ್ಲ ಸುಲಭ ಎನ್ನುವವರಿದ್ದಾರೆ. ಖಂಡಿತ ಅಲ್ಲ. ಅಷ್ಟು ಚಿಕ್ಕ ಭಾಷೆಯ ಮೇಲೆ ಇಂಗ್ಲಿಷ್ ಎಷ್ಟು ಭಾರ ಹೇರುತ್ತದೆ ಎಂದು ಒಮ್ಮೆ ಯೋಚಿಸಿ. ಕಟ್ಟಿದ ಪದಗಳೆಲ್ಲ ಅಲ್ಲಿ ಗೆದ್ದಿಲ್ಲ ಕೂಡ. ಕಾರಿಗೆ ‘ಬಿಫ್ರೇಯ್ದ್’ ಎಂಬ ಪದವಿದ್ದರೂ ಅದು ಹೆಚ್ಚಾಗಿ ಕಾಗದಪತ್ರಗಳ ಭಾಷೆಯಲ್ಲೇ ಉಳಿಯಿತು; ಜನರ ಬಾಯಿಗೆ ಹತ್ತಿದ್ದು ಡ್ಯಾನಿಶ್‌ನಿಂದ ಬಂದ ‘ಬಿತ್ಲ್’. ಅದೂ ಗಿಡ್ಡ ಪದ, ಅದೂ ವಿಭಕ್ತಿಗೆ ಒಗ್ಗಿದ ಪದ. ನಾನು ಮತ್ತೆ ಮತ್ತೆ ಹೇಳುತ್ತಿರುವುದು ಇದನ್ನೇ.

ನನಗೆ ತುಂಬ ಇಷ್ಟವಾದ ಸಂಗತಿ ಇನ್ನೊಂದಿದೆ. ಅಲ್ಲಿ ಎಷ್ಟೋ ಜನ ‘ತೊಲ್ವ’ ಎನ್ನುವ ಬದಲು ‘ತಲ್ವ’ ಎನ್ನುತ್ತಾರೆ. ಕಥೆ ಎಂಬ ಅರ್ಥದ ಅವರ ‘ಸಾಗ’ ಪದ ವಿಭಕ್ತಿ ಸೇರಿದಾಗ ‘ಸೊಗು’ ಆಗುತ್ತದಲ್ಲ, ಅದೇ ಲೆಕ್ಕದಲ್ಲಿ ‘ತೊಲ್ವು’ವಿನ ಮೂಲರೂಪ ‘ತಲ್ವ’ ಇರಬೇಕು ಎಂದು ಅವರ ನಾಲಗೆಯೇ ತೀರ್ಮಾನಿಸಿಬಿಟ್ಟಿದೆ. ಭಾಷೆ ಬಲ್ಲವರು ತಿದ್ದುತ್ತಾರೆ. ಜನ ಮತ್ತೆ ‘ತಲ್ವ’ ಎಂದೇ ಅನ್ನುತ್ತಾರೆ. ವಿದ್ವಾಂಸರೊಬ್ಬರು ಕಟ್ಟಿಕೊಟ್ಟ ಪದವನ್ನು ಜನ ಇಷ್ಟು ಸಲುಗೆಯಿಂದ ಎಳೆದಾಡುತ್ತಿದ್ದಾರಲ್ಲ, ನನಗೆ ಎಷ್ಟು ಸಂತೋಷವೋ ಹೇಳಲಾರೆ!