“ಫ್ರಿಜ್‌ನಲ್ಲಿ ಇಟ್ಬಿಡಿ ಮೇಡಂ, ತಣ್ಣಗಾಗುತ್ತೆ” ಅಂತ!

ತಲಿ ಕೆಟ್ಟ ಮಸರ ಗಡಿಗಿ ಆಗೇತ್ರಿ ಇವತ್ತ, ಎಲ್ಲೆರ ಕಾರ್ಕೋಬೇಕು ಅಂತ ಬರ್ಯಾಕತ್ತೀನಿ.

ನನ್ನ ಮಗಳಿಗೆ ಧೂಳಿನ ಅಲರ್ಜಿ, ಮುಂಜಾನೆ ಎದ್ಳಂದ್ರ ಒಂದ ಸಮನ ಇಪ್ಪತ್ತ ಸೀನು. ಹುಬ್ಬಳ್ಳಿ ಡಾಕ್ಟರು ಕೈಮ್ಯಾಲ ಸಣ್ಣಗ ಚುಚ್ಚಿ ಟೆಸ್ಟ್ ಮಾಡಿ, ಹಾಸಿಗಿ ದಿಂಬಿನಾಗ ಇರೋ ಕಣ್ಣಿಗೆ ಕಾಣದ ಧೂಳಿನ ಹುಳದ್ದ ಇದು ಅಂತ ಹೇಳಿ, ನಾಲಿಗಿ ಕೆಳಗ ಹಾಕೋ ಡ್ರಾಪ್ಸ್ ಬರಕೊಟ್ರು. ದಿನಾ ಹನಿ ಹಾಕಿ ಎರಡ ನಿಮಿಷ ನುಂಗದಂಗ ಹಿಡಕೋಬೇಕು, ಅದೂ ಮೂರ ವರ್ಷ. ಒಂಬತ್ತ ವರ್ಷದ ಹುಡುಗಿನ್ನ ಎರಡ ನಿಮಿಷ ಬಾಯಿ ಮುಚ್ಚಿಸಿ ಕೂಡ್ಸಿ ನೋಡ್ರಿ, ಗೊತ್ತಾಗ್ತೈತಿ.

ಈ ಔಷಧಿ ಬರೋದು ಬೆಂಗಳೂರಿಂದ, ಕೊರಿಯರ್‌ನಾಗ. ಡಬ್ಬಿಮ್ಯಾಲ 2ರಿಂದ 8 ಡಿಗ್ರಿ ಒಳಗ ಇಡ್ರಿ ಅಂತ ಅಂಗೈ ಅಗಲದ ಕೆಂಪ ಸ್ಟಿಕರ್ ಬ್ಯಾರೆ. ಶನಿವಾರ ಗದಗಕ್ಕ ಬಂದೈತಿ ಅಂತ ಮೆಸೇಜ್ ಬಂತು, ಫೋನ್ ಮಾಡಿದ್ರ ಡೆಲಿವರಿ ಹುಡುಗ ಇಲ್ರಿ ಅಂದ್ರು, ಭಾನುವಾರ ಬಾಗಲಾ ಬಂದ್, ಸೋಮವಾರ ಬಸವ ಜಯಂತಿ, ಕಡೀಕ ಮಂಗಳವಾರ ನಾನ ಗಾಡಿ ತಗೊಂಡ ಹೋದೆ. ತಗಡಿನ ಶೆಡ್ ರೀ ಅದು, ಒಳಗ ಕಾಲಿಟ್ರ ರೊಟ್ಟಿ ಹಂಚಿನ ಮುಂದ ಕುಂತಂಗ. ನಮ್ಮ ಡಬ್ಬಿ ಕಿಡಕಿ ಕಡೆ ಬಿಸಲಾಗ, ಅದರಮ್ಯಾಲ ಯಾರದೋ ಬೈಕಿನ ಟೈರು! ಅಲ್ಲೇ ಒಡದು ನೋಡಿದ್ರ ಐಸ್ ಜೆಲ್ ಪಾಕೀಟು ಕೂಸಿಗೆ ಎರೆಯೋ ನೀರಿನಷ್ಟ ಬೆಚ್ಚಗ. ಕೇಳಿದ್ರ, “ಡಬ್ಬಿ ಒಡದಿಲ್ಲಲ್ರಿ ಅಕ್ಕಾರ, ಮತ್ತೇನ?”

ಕಳಿಸಿದವರಿಗೆ ಫೋನ್ ಹಚ್ಚಿದೆ. ಅಲ್ಲೇ ಬಂತು ನೋಡ್ರಿ ಆ ಮ್ಯಾಲಿನ ಮಾತು.

ಅಲ್ರೀ, ಕುದಿಸಿದ ತತ್ತಿ ಫ್ರಿಜ್ಜಿನಾಗ ಇಟ್ರ ತಿರುಗಿ ಹಸಿ ತತ್ತಿ ಆಗ್ತೈತೇನ್ರಿ? ಈ ಡ್ರಾಪ್ಸಿನಾಗ ಇರೋದೂ ಆ ಹುಳದ್ದ ಪ್ರೋಟೀನ, ಒಂದೊಂದೀಟ ಕೊಟ್ಟ ಮೈಗೆ ಅದನ್ನ ರೂಢಿ ಮಾಡ್ಸೋದು. ಕಾವಿನಾಗ ಇದ್ದಂಗೆಲ್ಲ ಅದರ ಕಸುವು ಇಳಕೊಂತ ಹೋಗ್ತೈತಿ, ತಣ್ಣಗ ಮಾಡಿದ್ರ ಇನ್ನ ಇಳಿಯೋದು ನಿಧಾನ ಆಗಬಹುದು, ಹೋದದ್ದಂತೂ ಬರಂಗಿಲ್ಲ. ಗ್ಲಿಸರಿನ್ ಹಾಕಿರ್ತಾರ, ಅದು ಒಂದೀಟು ಕಾಯ್ತೈತಿ, ತಾಸೊಪ್ಪತ್ತು ಹೊರಗ ಇದ್ರ ಹೆದರಬ್ಯಾಡ್ರಿ ಅಂತ ಡಾಕ್ಟರೂ ಹೇಳಿದ್ರು, ನಾ ಏನ್ ಅಷ್ಟಕ್ಕ ಜಗಳಾ ತಗಿಯಾಕಿ ಅಲ್ಲ. ಆದ್ರ ಗದಗಿನ ಬ್ಯಾಸಗಿ, ತಗಡಿನ ಕೆಳಗ, ಮೂರ ದಿನ! ಅದೂ ನಮ್ಮದು ಶುರುವಿನ ಬಾಟ್ಲಿ, ನೀರಾಗಿ ತೆಳುವು ಮಾಡಿದ್ದು, ತೆಳುವಿದ್ದದ್ದು ಇನ್ನೂ ಲಗೂನ ಕೆಡ್ತೈತಿ.

ಹೊಟ್ಟಿ ಉರಿಯೋದು ಏನಂದ್ರ, ಕೆಟ್ಟದ್ದು ಕಾಣಂಗಿಲ್ಲ. ಬಣ್ಣ ಮೊದಲಿನಂಗ, ವಾಸನಿ ಮೊದಲಿನಂಗ. ನಮ್ಮ ವೈನಿ ಆಶಾ ಕಾರ್ಯಕರ್ತೆ, ಪೋಲಿಯೊ ಬಾಟ್ಲಿ ಮ್ಯಾಲ ಒಂದ ಗುಂಡನ ಗುರುತು, ಅದರೊಳಗ ಒಂದ ಬಿಳಿ ಚೌಕ ಇರ್ತೈತಿ, ಕಾವು ತಾಗಿದಷ್ಟೂ ಆ ಚೌಕ ಕಪ್ಪಾಗ್ಕೊಂತ ಹೋಗ್ತೈತಿ, ಸುತ್ತಿನ ಬಣ್ಣಕ್ಕ ಸಮ ಆತಂದ್ರ ಒಗದ ಬಿಡೋದು. 1996ರಿಂದನ ಇರೋ ಗುರುತಂತ ಅದು. ಪುಗಸಟ್ಟೆ ಹಾಕೋ ಹನಿಗೆ ಅಷ್ಟ ಕಾಳಜಿ, ನಾವ 3,400 ರೂಪಾಯಿ ಎಣಿಸಿದ ಹನಿಗೆ ಒಂದ ಸ್ಟಿಕರ್, ಅದನ್ನ ಓದಾವ್ರೂ ಇಲ್ಲ.

ಡಾಕ್ಟರಿಗೆ ಕೇಳಿದ್ರ, “ಎಷ್ಟ ಕಸುವು ಉಳದೈತಿ ನನಗೂ ಹೇಳಾಕ ಬರಂಗಿಲ್ಲ, ಹಾಕಬ್ಯಾಡ್ರಿ” ಅಂದ್ರು. ಸಪ್ಪಗಾದದ್ದನ್ನ ಹಾಕ್ಕೊಂತ ಹೋಗಿ, ಮುಂದಿನ ಬಾಟ್ಲಿ ಪೂರಾ ಕಸುವಿಲೆ ಬಂದ್ರ, ಮೈಗೆ ರೂಢಿ ಇಲ್ಲದ್ದಕ್ಕ ತುಟಿ ಬಾಯಿ ತುರಿಸಿ ಬಾವು ಬರಬಹುದಂತ. ಈಗ ಮತ್ತ ರೊಕ್ಕ ತುಂಬೀವಿ. ವಾಪಸ್ ಕೊಡ್ರಿ ಅಂದಿದ್ದಕ್ಕ “ಪ್ಯಾಕಿಂಗ್ ಓಪನ್ ಆಗಿದೆ” ಅಂತ. ಓಪನ್ ಮಾಡದ ಬಿಸಿ ಆಗಿದ್ದು ಹೆಂಗ ಗೊತ್ತಾಗ್ಬೇಕ್ರೋ ನಿಮ್ಮ...

ಈ ಸಲ ಹುಬ್ಬಳ್ಳಿ ದವಾಖಾನಿಗೇ ಕಳಸ್ರಿ ಅಂದೀನಿ, ನಾನ ಟ್ರೇನಿಗೆ ಹೋಗಿ ತರಾಕಿ. ಊಟದ ಡಬ್ಬಿ ತಳಕ್ಕ ಐಸು, ಮ್ಯಾಲ ಟಾವೆಲ್ಲು, ಅದರಮ್ಯಾಲ ಬಾಟ್ಲಿ, ಐಸಿಗೆ ತಾಗಿ ಹೆಪ್ಪುಗಟ್ಟಿದ್ರೂ ಕೆಡ್ತೈತಂತಲ್ಲ ಮತ್ತ. ವೈನಿ ಕಡೆ ಆ ಲಸಿಕಿ ಒಯ್ಯೋ ನೀಲಿ ಡಬ್ಬಿ ಕೇಳಿದ್ದೆ, ಕೊಡಂಗಿಲ್ಲ ಅಂದ್ಳು, ಸರ್ಕಾರದ್ದಂತ.